ಹಳೆ ಲ್ಯಾಪ್‌ಟಾಪ್‌ಗೆ ಬೇರೆ ಪ್ರೊಸೆಸರ್ ಹಾಕಿಸಬಹುದಾ? ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮಗಳು ಬಿಸಿಎ ಸೇರಿದ್ದಾಳೆ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹಳೆ ಲ್ಯಾಪ್‌ಟಾಪ್ ಒಂದಿದೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತೆ. ಹೊಸದು ಕೊಡಿಸೋಣ ಅಂದರೆ ಈ ತಿಂಗಳು ಕಾಲೇಜು ಫೀಸು ಬೇರೆ ಕಟ್ಟಬೇಕು. ಅಷ್ಟರಲ್ಲಿ ಯಾರೋ ಹೇಳ್ತಾರೆ: "ಪ್ರೊಸೆಸರ್ ಒಂದು ಚೇಂಜ್ ಮಾಡಿಸಿಬಿಡಿ ಸಾರ್, ಹೊಸದರ ಥರ ಓಡುತ್ತೆ."

ಇದು ನಿಜವಾ? ಉತ್ತರ ಮೊದಲೇ ಹೇಳಿಬಿಡ್ತೇವೆ. ಕೆಲವು ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬದಲಾಯಿಸಬಹುದು. ಆದರೆ 2015ರಿಂದ ಈಚೆಗೆ ಬಂದ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗಲ್ಲ. ಬದಲಾಯಿಸಲು ಬರುವಂಥದ್ದರಲ್ಲೂ ಮೊದಲು ಮಾಡಬೇಕಾದ ಕೆಲಸ ಅದಲ್ಲ, ಕೊನೆಗೆ ಮಾಡಬೇಕಾದದ್ದು. ಈ ವಿಷಯ ಗೊತ್ತಿಲ್ಲದೆ ಬಿಚ್ಚಿಸಿ, ದುಡ್ಡೂ ಹೋಗಿ ಮೆಷಿನ್ನೂ ಹೋಗೋದು ಬೇಡ. ಅದಕ್ಕೇ ಈ ಮಾಹಿತಿ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

ಲ್ಯಾಪ್‌ಟಾಪ್ ನಿಧಾನ ಆಯ್ತು ಅಂದ ಕೂಡಲೇ ಎಲ್ಲರೂ ಪ್ರೊಸೆಸರ್ ಮೇಲೆ ತಪ್ಪು ಹೊರಿಸುತ್ತಾರೆ. ಅದು ಸರಿಯೋ ತಪ್ಪೋ ಅಂತ ನೀವೇ ಐದು ನಿಮಿಷದಲ್ಲಿ ನೋಡಬಹುದು, ಖರ್ಚಿಲ್ಲ.

ಲ್ಯಾಪ್‌ಟಾಪ್ ಆನ್ ಮಾಡಿ, ದಿನಾ ಮಾಡುವ ಕೆಲಸಗಳನ್ನೇ ಶುರು ಮಾಡಿ. ಬ್ರೌಸರ್‌ನಲ್ಲಿ ನಾಲ್ಕೈದು ಪುಟ ತೆರೆಯಿರಿ, ಒಂದು ವರ್ಡ್ ಫೈಲ್ ತೆರೆಯಿರಿ. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಭಾಗಕ್ಕೆ ಹೋಗಿ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಸಾಲು ಕಾಣುತ್ತೆ.

- ಡಿಸ್ಕ್ ಶೇ 100 ತೋರಿಸ್ತಾ ಇದ್ದು, ಸಿಪಿಯು ಶೇ 20–30ರಲ್ಲೇ ಇದ್ದರೆ ತೊಂದರೆ ಇರೋದು ಹಾರ್ಡ್ ಡಿಸ್ಕ್‌ನಲ್ಲಿ. ಪ್ರೊಸೆಸರ್ ಬದಲಾಯಿಸಿದರೂ ಕಾಫಿ ಕುಡಿಯೋ ಸಮಯ ಕಮ್ಮಿ ಆಗಲ್ಲ.
- ಮೆಮೊರಿ ಶೇ 85–90 ದಾಟಿದ್ದರೆ ರ್‍ಯಾಮ್ ಸಾಲುತ್ತಿಲ್ಲ ಅಂತ ಅರ್ಥ.
- ಡಿಸ್ಕ್, ಮೆಮೊರಿ ಎರಡೂ ಆರಾಮಾಗಿದ್ದು, ಸಿಪಿಯು ಒಂದೇ ಶೇ 90–100ರಲ್ಲಿ ಗಂಟೆಗಟ್ಟಲೆ ಕೂತಿದ್ದರೆ ಆಗ ಪ್ರೊಸೆಸರ್ ಮಾತು ಎತ್ತಬಹುದು.

ಇನ್ನೊಂದು ಸಂಗತಿ. ಅದೇ ಸಿಪಿಯು ಸಾಲನ್ನು ಒತ್ತಿದರೆ ಈಗಿನ ವೇಗ ಗಿಗಾಹರ್ಟ್ಸ್‌ನಲ್ಲಿ ಕಾಣುತ್ತೆ. ಪ್ರೊಸೆಸರ್‌ನ ಮೂಲ ವೇಗ 2.60 ಅಂತಿದ್ದು, ಕೆಲಸದ ಒತ್ತಡ ಇರುವಾಗಲೂ 0.8 ಅಥವಾ 1.2ಕ್ಕೆ ಇಳಿದಿದ್ದರೆ ಅದು ಪ್ರೊಸೆಸರ್‌ನ ಶಕ್ತಿ ಸಾಲದೆ ಆಗಿದ್ದಲ್ಲ. ಫ್ಯಾನಿನ ದಾರಿಯಲ್ಲಿ ಧೂಳು ಕಟ್ಟಿಕೊಂಡಿದೆ, ಒಳಗಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಚಾರ್ಜರ್ ಸರಿಯಿಲ್ಲ. ಬಿಸಿ ಹೆಚ್ಚಾದಾಗ ಸುಟ್ಟುಹೋಗದಿರಲಿ ಅಂತ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಹತ್ತು ವರ್ಷ ಬಿಚ್ಚಿ ನೋಡದೇ ಇರೋ ಲ್ಯಾಪ್‌ಟಾಪ್‌ಗೆ ಒಂದು ಕ್ಲೀನಿಂಗ್, ಹೊಸ ಪೇಸ್ಟ್ ಹಾಕಿಸಿದರೇ ಅರ್ಧ ಜೀವ ಬರುತ್ತೆ.

ಮೊದಲ ಮದ್ದು: ಎಸ್‌ಎಸ್‌ಡಿ ಮತ್ತು ರ್‍ಯಾಮ್

ಹಳೆ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತೆ, ಅದರ ಮೇಲೆ ಒಂದು ಮುಳ್ಳು ಓಡಾಡಿ ಮಾಹಿತಿ ಹುಡುಕುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500 ಎಂಬಿ ಆಸುಪಾಸು ಓದುತ್ತೆ. ಚಿಕ್ಕ ಚಿಕ್ಕ ಫೈಲುಗಳನ್ನು ಹುಡುಕುವುದರಲ್ಲಂತೂ ಈ ಅಂತರ ಇನ್ನೂ ದೊಡ್ಡದು. ವಿಂಡೋಸ್ ಆನ್ ಆಗುವಾಗ ನಡೆಯೋದೇ ಆ ಕೆಲಸ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತೆ.

ರ್‍ಯಾಮ್ 4 ಜಿಬಿ ಇದ್ದರೆ 8 ಜಿಬಿ ಮಾಡಿಸಿ. ಕೊಳ್ಳುವಾಗ ಒಂದು ಎಚ್ಚರ: 2ನೇ ಜನರೇಷನ್ ಲ್ಯಾಪ್‌ಟಾಪ್‌ಗಳಿಗೆ ಹೊಂದುವುದು 1.5 ವೋಲ್ಟಿನ ಡಿಡಿಆರ್3, 4ನೇ ಜನರೇಷನ್‌ಗೆ ಬೇಕಾದ್ದು 1.35 ವೋಲ್ಟಿನ ಡಿಡಿಆರ್3ಎಲ್. ಹಳೇ ರ್‍ಯಾಮ್ ಕಡ್ಡಿ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದರೆ ಗೊಂದಲ ಇರಲ್ಲ.

ಈ ಎರಡೂ ಮುಂದೆ ಬೇರೆ ಕೆಲಸಕ್ಕೂ ಬರುತ್ತವೆ. ಲ್ಯಾಪ್‌ಟಾಪ್ ಪೂರ್ತಿ ಕೈಕೊಟ್ಟರೂ ಎಸ್‌ಎಸ್‌ಡಿಯನ್ನು ತೆಗೆದು ಬೇರೆ ಮೆಷಿನ್‌ಗೆ ಹಾಕ್ಕೊಳ್ಳಬಹುದು. ಹಳೆ ಪ್ರೊಸೆಸರ್‌ಗೆ ಆ ಭಾಗ್ಯ ಇಲ್ಲ.

ನಿಮ್ಮ ಪ್ರೊಸೆಸರ್ ಬಿಚ್ಚಲು ಬರುತ್ತಾ?

ಲ್ಯಾಪ್‌ಟಾಪ್ ಪ್ರೊಸೆಸರ್‌ನಲ್ಲಿ ಎರಡು ಜಾತಿ. ಒಂದಕ್ಕೆ ಕೆಳಗಡೆ ಕೂದಲೆಳೆಯಂಥ ಸಣ್ಣ ಪಿನ್ನುಗಳಿರುತ್ತವೆ. ಅದು ಮದರ್‌ಬೋರ್ಡ್ ಮೇಲಿನ ಸಾಕೆಟ್‌ನಲ್ಲಿ ಕೂರುತ್ತೆ, ಸ್ಕ್ರೂ ತಿರುಗಿಸಿದರೆ ಎತ್ತಬಹುದು. ಇದಕ್ಕೆ ಪಿಜಿಎ ಅಂತಾರೆ. ಇನ್ನೊಂದರ ಕೆಳಗೆ ಪಿನ್ನಿನ ಬದಲು ಬೆಸುಗೆಯ ಪುಟ್ಟ ಗುಂಡುಗಳಿರುತ್ತವೆ. ಕಾರ್ಖಾನೆಯಲ್ಲೇ ಅದನ್ನು ಮದರ್‌ಬೋರ್ಡ್‌ಗೆ ಕಾಯಿಸಿ ಅಂಟಿಸಿರುತ್ತಾರೆ. ಇದು ಬಿಜಿಎ. ಸ್ಕ್ರೂಡ್ರೈವರ್‌ನಿಂದ ಇದನ್ನು ಏನೂ ಮಾಡಕ್ಕಾಗಲ್ಲ.

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಕೆಟ್ ಇದ್ದ ಕಾಲ ಹೀಗಿದೆ:

- ಕೋರ್ 2 ಡ್ಯುಯೋ ಕಾಲ, 2006–2009: ಸಾಕೆಟ್ ಎಂ ಮತ್ತು ಸಾಕೆಟ್ ಪಿ
- ಕೋರ್ ಐ ಸರಣಿಯ 1ನೇ ಜನರೇಷನ್, 2009–2010: ಸಾಕೆಟ್ ಜಿ1
- 2ನೇ ಜನರೇಷನ್, 2011 ಮತ್ತು 3ನೇ ಜನರೇಷನ್, 2012: ಸಾಕೆಟ್ ಜಿ2
- 4ನೇ ಜನರೇಷನ್, 2013: ಸಾಕೆಟ್ ಜಿ3
- 5ನೇ ಜನರೇಷನ್‌ನಿಂದ ಈಚೆಗೆ: ಲ್ಯಾಪ್‌ಟಾಪ್‌ಗೆಂದೇ ಮಾಡಿದ ಪ್ರೊಸೆಸರ್‌ಗಳೆಲ್ಲ ಬೆಸುಗೆಯವೇ

ಎಎಂಡಿಯಲ್ಲೂ ಇದೇ ಕಥೆ. ಸಾಕೆಟ್ ಎಸ್1, ಆಮೇಲೆ 2011ರ ಎಫ್ಎಸ್1, ಅದಾದ ಮೇಲೆ 2012–13ರ ಎಫ್ಎಸ್1ಆರ್2 ಇದ್ದವು. ಅದರ ನಂತರ ಎಎಂಡಿಯೂ ಬೆಸುಗೆಗೆ ಹೋಯಿತು.

ಹಾಗಂತ 2011–2013ರ ಲ್ಯಾಪ್‌ಟಾಪ್ ಎಲ್ಲದರಲ್ಲೂ ಸಾಕೆಟ್ ಇರಲ್ಲ. ತೆಳ್ಳಗಿನ, ಹಗುರವಾದ ಮಾಡೆಲ್‌ಗಳಲ್ಲಿ ಆಗಲೇ ಬೆಸುಗೆ ಬಂದಿತ್ತು. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿದರೆ ಅಂದಾಜು ಸಿಗುತ್ತೆ:

- ಕೊನೆಯಲ್ಲಿ ಯು ಅಥವಾ ವೈ ಇದ್ದರೆ (ಉದಾಹರಣೆಗೆ ಐ5-4210ಯು, ಐ5-5200ಯು, ಐ5-6200ಯು) ಬೆಸುಗೆ. ಆಸೆ ಬಿಡಿ.
- 4ನೇ ಜನರೇಷನ್‌ನಲ್ಲಿ ಎಚ್‌ಕ್ಯೂ ಇದ್ದರೆ ಬೆಸುಗೆ, ಎಂಕ್ಯೂ ಇದ್ದರೆ ಸಾಕೆಟ್. ಐ7-4700ಎಚ್‌ಕ್ಯೂ, ಐ7-4700ಎಂಕ್ಯೂ ಎರಡೂ ಹೆಚ್ಚುಕಮ್ಮಿ ಒಂದೇ ಶಕ್ತಿಯವು, ಆದರೆ ಒಂದು ಕಡೆ ಬಿಚ್ಚಬಹುದು, ಇನ್ನೊಂದು ಕಡೆ ಬಿಚ್ಚಕ್ಕಾಗಲ್ಲ.
- ಎಂ ಅಥವಾ ಕ್ಯೂಎಂ ಇದ್ದರೆ (ಐ5-3210ಎಂ, ಐ7-3630ಕ್ಯೂಎಂ) ಹೆಚ್ಚಿನ ಸಲ ಸಾಕೆಟ್. ಆದರೆ ಖಾತ್ರಿ ಮಾಡಿಕೊಳ್ಳಲೇಬೇಕು, ಯಾಕಂದ್ರೆ ಐ5-3210ಎಂ ಥರದವನ್ನು ಇಂಟೆಲ್ ಎರಡೂ ರೂಪದಲ್ಲಿ ಮಾರಿದೆ.

ಖಾತ್ರಿ ಮಾಡಿಕೊಳ್ಳೋದು ಹೇಗೆ? ಸಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡರೆ ಪ್ಯಾಕೇಜ್ ಅನ್ನೋ ಸಾಲಿನಲ್ಲಿ ಪಿಜಿಎ ಅಥವಾ ಬಿಜಿಎ ಅಂತ ಬರೆದಿರುತ್ತೆ. ಇಂಟೆಲ್‌ನ ಜಾಲತಾಣದಲ್ಲಿ ನಿಮ್ಮ ಪ್ರೊಸೆಸರ್ ನಂಬರ್ ಹುಡುಕಿದರೆ ಸಾಕೆಟ್ ಯಾವುದು ಅಂತ ಅಲ್ಲೂ ಇರುತ್ತೆ. ಎಲ್ಲಕ್ಕಿಂತ ನಂಬಬಹುದಾದದ್ದು ನಿಮ್ಮ ಮಾಡೆಲ್‌ನ ಸರ್ವಿಸ್ ಕೈಪಿಡಿ. ಲೆನೊವೊ, ಎಚ್‌ಪಿ, ಡೆಲ್ ಮೂರೂ ಕಂಪನಿಗಳು ತಮ್ಮ ಆಫೀಸ್ ಬಳಕೆಯ ಮಾಡೆಲ್‌ಗಳ ಕೈಪಿಡಿಯನ್ನು ಪುಕ್ಕಟೆ ಕೊಡುತ್ತವೆ. ಪ್ರೊಸೆಸರ್ ತೆಗೆಯುವ ಕ್ರಮ ಅದರಲ್ಲಿದ್ದರೆ ನಿಮ್ಮದು ಸಾಕೆಟ್‌ನದು. ಪ್ರೊಸೆಸರ್ ಮದರ್‌ಬೋರ್ಡ್ ಜೊತೆಗೇ ಬರುತ್ತೆ ಅಂತಿದ್ದರೆ ಅಲ್ಲಿಗೆ ಮುಗೀತು.

"ಬೆಸುಗೆ ಇದ್ದರೂ ಪರವಾಗಿಲ್ಲ, ಮೆಷಿನ್‌ನಲ್ಲಿ ಕಾಯಿಸಿ ತೆಗೆದು ಬೇರೆ ಹಾಕ್ತೀವಿ" ಅನ್ನುವವರೂ ಇದ್ದಾರೆ. ಬಿಜಿಎ ಯಂತ್ರದಲ್ಲಿ ಆ ಕೆಲಸ ಆಗುತ್ತೆ, ಸುಳ್ಳಲ್ಲ. ಆದರೆ ಬಿಸಿ ಸ್ವಲ್ಪ ಹೆಚ್ಚಾದರೂ ಬೋರ್ಡ್ ಬಾಗುತ್ತೆ, ಪಕ್ಕದ ಬಿಡಿಭಾಗ ಜಾರುತ್ತೆ. ಹಳೇ ಲ್ಯಾಪ್‌ಟಾಪ್‌ನ ವೇಗ ಹೆಚ್ಚಿಸೋಕೆ ಅಂತ ಅಷ್ಟು ಅಪಾಯ, ಅಷ್ಟು ಖರ್ಚು ಮಾಡೋದು ಲೆಕ್ಕಕ್ಕೆ ಬರಲ್ಲ.

ಸಾಕೆಟ್ ಇದ್ದ ಮಾತ್ರಕ್ಕೆ ಆಯ್ತಾ?

ಇಲ್ಲ. ಇನ್ನೂ ಮೂರು ಪರೀಕ್ಷೆ ಪಾಸಾಗಬೇಕು.

ಒಂದು, ಬಯಾಸ್. ಪಿನ್ನು ಹೊಂದಿದರೂ ಲ್ಯಾಪ್‌ಟಾಪ್‌ನ ಬಯಾಸ್‌ಗೆ ಆ ಪ್ರೊಸೆಸರ್ ಪರಿಚಯ ಇರಬೇಕು. ಲೆನೊವೊ ಥಿಂಕ್‌ಪ್ಯಾಡ್ ಟಿ420 ಇದಕ್ಕೆ ಒಳ್ಳೇ ಉದಾಹರಣೆ. 2ನೇ ಜನರೇಷನ್‌ನ ಈ ಮೆಷಿನ್‌ನ ಸಾಕೆಟ್‌ಗೆ 3ನೇ ಜನರೇಷನ್ ಪ್ರೊಸೆಸರ್ ಸಲೀಸಾಗಿ ಕೂರುತ್ತೆ, ಎರಡಕ್ಕೂ ಜಿ2 ಸಾಕೆಟ್ಟೇ. ಆದರೆ ಕಂಪನಿ ಕೊಟ್ಟ ಬಯಾಸ್ ಅದನ್ನು ಒಪ್ಪಲ್ಲ, ಲ್ಯಾಪ್‌ಟಾಪ್ ಆನ್ ಆಗಲ್ಲ. ಹಾಗಾಗಿ ನಿಮ್ಮ ಮಾಡೆಲ್ ಜೊತೆ ಕಂಪನಿಯೇ ಮಾರಿದ ಪ್ರೊಸೆಸರ್‌ಗಳ ಪಟ್ಟಿಯಿಂದ ಆರಿಸಿಕೊಂಡರೆ ಅಪಾಯ ಕಮ್ಮಿ. ಎಚ್‌ಪಿಯ ಸರ್ವಿಸ್ ಕೈಪಿಡಿಗಳಲ್ಲಿ ಈ ಪಟ್ಟಿ ಬಿಡಿಭಾಗದ ನಂಬರ್ ಸಮೇತ ಸಿಗುತ್ತೆ.

ಎರಡು, ವಾಟ್. ಆ ಕಾಲದ ಎರಡು ಕೋರ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 35 ವಾಟ್‌ನವು. ನಾಲ್ಕು ಕೋರ್‌ನ ಐ7 ಬಹುತೇಕ 45 ವಾಟ್, 4ನೇ ಜನರೇಷನ್‌ನಲ್ಲಿ 47 ವಾಟ್. ನಿಮ್ಮ ಲ್ಯಾಪ್‌ಟಾಪ್‌ನ ಫ್ಯಾನು, ತಾಮ್ರದ ಕೊಳವೆ 35 ವಾಟ್ ಬಿಸಿ ಹೊರಹಾಕಲು ಮಾಡಿದ್ದಾದರೆ 45 ವಾಟ್‌ನದ್ದು ಹಾಕಿದಾಗ ಕಾದು ಕಾದು ತಾನೇ ವೇಗ ಇಳಿಸಿಕೊಳ್ಳುತ್ತೆ. ದುಡ್ಡು ಕೊಟ್ಟ ವೇಗ ಕೈಗೆ ಸಿಗಲ್ಲ. 65 ವಾಟ್‌ನ ಚಾರ್ಜರ್ ಇದ್ದರೆ ಅದನ್ನೂ 90 ವಾಟ್‌ಗೆ ಬದಲಾಯಿಸಬೇಕಾಗಿ ಬರಬಹುದು.

ಮೂರು, ಗ್ರಾಫಿಕ್ಸ್. ಪ್ರೊಸೆಸರ್ ಬದಲಾದರೂ ಅದೇ ತಲೆಮಾರಿನ ಗ್ರಾಫಿಕ್ಸ್ ಉಳಿಯುತ್ತೆ. ಯೂಟ್ಯೂಬ್ ಈಗ ಹೆಚ್ಚಾಗಿ ಬಳಸುವ ವಿಪಿ9, ಎವಿ1 ಮಾದರಿಯ ವಿಡಿಯೊಗಳನ್ನು ಬಿಡಿಸೋ ಯಂತ್ರಾಂಶ 2, 3, 4ನೇ ಜನರೇಷನ್ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಇಲ್ಲ. ಆ ಭಾರ ಪೂರ್ತಿ ಪ್ರೊಸೆಸರ್ ಮೇಲೇ ಬೀಳುತ್ತೆ. ಫ್ಯಾನು ಬೊಬ್ಬೆ ಹೊಡೆಯೋದು ಅದಕ್ಕೇ. ಹಳೆಯ ಎಚ್264 ಮಾದರಿಯಲ್ಲೇ ವಿಡಿಯೊ ಬರುವಂತೆ ಮಾಡುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ, ಆನ್‌ಲೈನ್ ಪಾಠ ನೋಡೋದು ಖರ್ಚಿಲ್ಲದೆ ಹಗುರಾಗುತ್ತೆ.

ಒಂದು ನಿಜವಾದ ಲೆಕ್ಕ: ಥಿಂಕ್‌ಪ್ಯಾಡ್ ಟಿ430

ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್‌ಪಿ ರಸ್ತೆ ಹಾದು ಜಿಲ್ಲಾ ಕೇಂದ್ರಗಳ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರೋದು ಹೊಸತಲ್ಲ. ಅಂಥವುಗಳಲ್ಲಿ 2012ರ ಥಿಂಕ್‌ಪ್ಯಾಡ್ ಟಿ430 ಒಂದು. ಸಾಕೆಟ್ ಜಿ2, 3ನೇ ಜನರೇಷನ್. ಇದಕ್ಕೆ ಏನೇನು ಹಾಕಬಹುದು ನೋಡಿ:

- ಐ3-3110ಎಂ: 2 ಕೋರ್, 2.4 ಗಿಗಾಹರ್ಟ್ಸ್, ಟರ್ಬೊ ಇಲ್ಲ, 35 ವಾಟ್
- ಐ5-3320ಎಂ: 2 ಕೋರ್, 2.6ರಿಂದ ಟರ್ಬೊದಲ್ಲಿ 3.3 ಗಿಗಾಹರ್ಟ್ಸ್, 35 ವಾಟ್
- ಐ7-3520ಎಂ: 2 ಕೋರ್, 2.9ರಿಂದ 3.6 ಗಿಗಾಹರ್ಟ್ಸ್, 35 ವಾಟ್
- ಐ7-3632ಕ್ಯೂಎಂ: 4 ಕೋರ್, 2.2ರಿಂದ 3.2 ಗಿಗಾಹರ್ಟ್ಸ್, 35 ವಾಟ್

ಈಗ ಯೋಚನೆ ಮಾಡಿ. ಐ5 ತೆಗೆದು ಎರಡು ಕೋರ್‌ನ ಐ7 ಹಾಕಿದರೆ ಸಿಗೋದು 0.3 ಗಿಗಾಹರ್ಟ್ಸ್ ಹೆಚ್ಚಳ. ಅಂದರೆ ಶೇ 10ರ ಆಸುಪಾಸು. ದಿನನಿತ್ಯದ ಕೆಲಸದಲ್ಲಿ ಇದು ಕಣ್ಣಿಗೇ ಬೀಳಲ್ಲ. "ಐ7 ಹಾಕಿಸಿದೀನಿ" ಅಂತ ಹೇಳ್ಕೊಳ್ಳೋಕೆ ಮಾತ್ರ ಚೆನ್ನಾಗಿರುತ್ತೆ. ಐ3 ಇದ್ದವರು ಐ5ಗೆ ಹೋದರೆ ಟರ್ಬೊ ಬರುವುದರಿಂದ ಸ್ವಲ್ಪ ಚುರುಕು ಗೊತ್ತಾಗುತ್ತೆ. ನಿಜವಾದ ಬದಲಾವಣೆ ಬರೋದು ಎರಡು ಕೋರ್‌ನಿಂದ ನಾಲ್ಕು ಕೋರ್‌ಗೆ ಹೋದಾಗ. ಅದೂ ಮದುವೆ ವಿಡಿಯೊ ಎಡಿಟಿಂಗ್, ಪ್ರೋಗ್ರಾಂ ಕಂಪೈಲ್ ಮಾಡೋದು, ಒಂದೇ ಸಲ ಹತ್ತಾರು ಕೆಲಸ ತೆರೆದಿಟ್ಟುಕೊಳ್ಳೋದು ಇಂಥವುಗಳಲ್ಲಿ. ವರ್ಡ್, ಎಕ್ಸೆಲ್, ನುಡಿಯಲ್ಲಿ ಟೈಪಿಂಗ್, ಆನ್‌ಲೈನ್ ಅರ್ಜಿ ಇಷ್ಟೇ ಇದ್ದರೆ ಬೇಕಾಗಿಲ್ಲ.

ವಿಂಡೋಸ್ ವಿಷಯ ಮರೆಯಬೇಡಿ

ಈ ಲೆಕ್ಕದಲ್ಲಿ ಬಹಳ ಜನ ಬಿಟ್ಟುಬಿಡೋದು ಇದನ್ನೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ಕಂಪನಿ ಹೇಳಿತ್ತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿರೋದು, ಒಂದೆರಡು ವಿನಾಯಿತಿ ಬಿಟ್ಟರೆ, ಇಂಟೆಲ್ 8ನೇ ಜನರೇಷನ್‌ನಿಂದ ಮೇಲಿನವು ಮಾತ್ರ. ಜೊತೆಗೆ ಟಿಪಿಎಂ 2.0 ಬೇಕು.

ಸಾಕೆಟ್ ಇರುವ ಲ್ಯಾಪ್‌ಟಾಪ್‌ಗಳು 4ನೇ ಜನರೇಷನ್‌ಗೇ ನಿಂತವು ಅಂತ ಮೇಲೆ ನೋಡಿದ್ವಿ. ಅಂದರೆ ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಎಷ್ಟೇ ದೊಡ್ಡ ಪ್ರೊಸೆಸರ್ ಹಾಕಿಸಿದರೂ ಅದು ವಿಂಡೋಸ್ 11ರ ಅಧಿಕೃತ ಪಟ್ಟಿಗೆ ಸೇರಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಆದರೆ ಅಂಥ ಮೆಷಿನ್‌ಗೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡಲ್ಲ. ಕೋರ್ 2 ಡ್ಯುಯೋದಲ್ಲಂತೂ 24ಎಚ್2 ಆವೃತ್ತಿಯಿಂದ ಈಚಿನ ವಿಂಡೋಸ್ 11 ಆನ್ ಆಗುವುದೇ ಇಲ್ಲ. ಅದಕ್ಕೆ ಬೇಕಾದ ಪಾಪ್‌ಕೌಂಟ್ ಅನ್ನೋ ಸೂಚನೆ ಆ ಪ್ರೊಸೆಸರ್‌ಗೆ ಗೊತ್ತಿಲ್ಲ.

ಲಿನಕ್ಸ್ ಮಿಂಟ್, ಉಬುಂಟು ಥರದ ಉಚಿತ ವ್ಯವಸ್ಥೆ ಹಾಕಿಕೊಂಡರೆ ಈ ತಲೆನೋವಿಲ್ಲ, ಅಪ್‌ಡೇಟ್ ಬರ್ತಾ ಇರುತ್ತೆ. ಕನ್ನಡ ಯೂನಿಕೋಡ್ ಟೈಪಿಂಗ್‌ಗೆ ಕೆ.ಜಿ.ಪಿ. ಕೀಲಿಮಣೆಯೂ ಅದರಲ್ಲಿ ಸಿಗುತ್ತೆ. ಡಿಟಿಪಿ ಕೆಲಸ ಮಾಡುವವರು ಮಾತ್ರ ಹುಷಾರು: ಹಳೆ ನುಡಿ, ಬರಹ ಫಾಂಟ್‌ನಲ್ಲಿರುವ ಫೈಲುಗಳು, ಪೇಜ್‌ಮೇಕರ್ ಕೆಲಸ ಇದ್ದರೆ ಲಿನಕ್ಸ್ ಕೈಹಿಡಿಯಲ್ಲ.

ಆದರೂ ಹಾಕಿಸ್ತೀನಿ ಅನ್ನುವವರಿಗೆ: ಕೊಳ್ಳುವಾಗ

ಈ ಪ್ರೊಸೆಸರ್‌ಗಳು ಹೊಸದಾಗಿ ತಯಾರಾಗ್ತಿಲ್ಲ. ಸಿಗೋದೆಲ್ಲ ಸೆಕೆಂಡ್ ಹ್ಯಾಂಡ್. ಆದ್ದರಿಂದ:

- ಪಿನ್ನಿನ ರೂಪದ್ದೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಒಂದೇ ಹೆಸರಲ್ಲಿ ಎರಡೂ ರೂಪ ಮಾರುಕಟ್ಟೆಯಲ್ಲಿದೆ.
- ಮೇಲೆ ಕೆತ್ತಿದ ಅಕ್ಷರ ನೋಡಿ. 2011ರಿಂದ 2013ರ ಕಾಲದವುಗಳಲ್ಲಿ ಎಸ್‌ಆರ್ ಅಂತ ಶುರುವಾಗೋ ಸಂಕೇತ ಇರಬೇಕು. ಇಂಟೆಲ್ ಕಾನ್ಫಿಡೆನ್ಷಿಯಲ್ ಅಂತ ಬರೆದಿದ್ದರೆ ಅದು ಪರೀಕ್ಷೆಗೆ ಅಂತ ಮಾಡಿದ ಮಾದರಿ. ಎಷ್ಟೇ ಅಗ್ಗ ಆದರೂ ಬೇಡ.
- ತಿರುಗಿಸಿ ಪಿನ್ನು ನೋಡಿ. ಜಿ2 ಸಾಕೆಟ್‌ನದ್ದಕ್ಕೆ 988 ಪಿನ್ನು. ಒಂದು ಬಾಗಿದ್ದರೂ ಸಾಲು ತಪ್ಪಿದ್ದು ಓರೆಯಾಗಿ ನೋಡಿದಾಗ ಗೊತ್ತಾಗುತ್ತೆ.
- ಆನ್ ಆಗದಿದ್ದರೆ ವಾಪಸ್ ತಗೋತೀರಾ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಬದಲಾಯಿಸೋ ಕ್ರಮ

ಇದನ್ನು ಹಿಂದೆ ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸ ಇದ್ದವರು ಮಾತ್ರ ಮಾಡಿ. ಅಂಗಡಿಗೆ ಕೊಡುವವರಿಗೂ ಕೆಲಸ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಒಳ್ಳೇದು.

1. ಮೊದಲು ಎಲ್ಲ ಫೈಲು, ಫೋಟೊ ಬೇರೆ ಕಡೆ ಕಾಪಿ ಮಾಡಿ. ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು, ತಾತ್ಕಾಲಿಕವಾಗಿ ನಿಲ್ಲಿಸಿ.

2. ಹಳೆ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಚಾರ್ಜರ್ ಕೂಡ ಹಾಕಿರಲಿ. ಬ್ಯಾಟರಿ ಸತ್ತುಹೋದ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಮೆಷಿನ್ ಆನ್ ಆಗದೇ ಹೋಗಬಹುದು.

3. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚಬೇಡಿ, ಮತ್ತೆ ಹಾಕಬೇಡಿ.

4. ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಬಿಚ್ಚಿ. ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತೆ. ಮೊಟ್ಟೆ ಟ್ರೇ ಒಂದನ್ನು ಇಟ್ಟುಕೊಂಡು ಒಂದೊಂದು ಹಂತದ್ದನ್ನು ಒಂದೊಂದು ಗುಳಿಗೆ ಹಾಕಿದರೆ ಕೊನೆಗೆ ಸ್ಕ್ರೂ ಉಳಿಯಲ್ಲ.

5. ಹೀಟ್‌ಸಿಂಕ್ ಮೇಲೆ 1, 2, 3, 4 ಅಂತ ನಂಬರ್ ಇದ್ದರೆ ಕೈಪಿಡಿ ಹೇಳುವ ಕ್ರಮದಲ್ಲೇ ಸ್ವಲ್ಪ ಸ್ವಲ್ಪ ಸಡಿಲಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಅತ್ತಿತ್ತ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಫ್ಯಾನಿನ ವೈರ್ ಮರೆಯಬೇಡಿ.

6. ಸಾಕೆಟ್ ಪಕ್ಕ ಒಂದು ಪ್ಲಾಸ್ಟಿಕ್ ಸ್ಕ್ರೂ, ಬೀಗ ತೆರೆದ ಮತ್ತು ಮುಚ್ಚಿದ ಚಿತ್ರ ಇರುತ್ತೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ತೆರೆದ ಬೀಗದ ಕಡೆಗೆ ತಿರುಗಿಸಿ. ಪ್ರೊಸೆಸರ್ ನೆಟ್ಟಗೆ ಮೇಲಕ್ಕೆ ಎತ್ತಿ.

7. ಹೊಸದರ ಒಂದು ಮೂಲೆಯಲ್ಲಿ ಬಂಗಾರ ಬಣ್ಣದ ಸಣ್ಣ ತ್ರಿಕೋನ ಇದೆ. ಸಾಕೆಟ್‌ನ ಗುರುತಿನ ಮೂಲೆಗೆ ಅದು ಹೊಂದಬೇಕು. ಸರಿಯಾಗಿ ಇಟ್ಟರೆ ತನ್ನ ತೂಕಕ್ಕೇ ಕೆಳಗೆ ಇಳಿಯುತ್ತೆ. ಇಳಿಯದಿದ್ದರೆ ಒತ್ತಲೇಬೇಡಿ. ಪಿನ್ನು ಮುರಿಯೋದು ಇಲ್ಲೇ. ಕೂತ ಮೇಲೆ ಬೀಗ ಮುಚ್ಚುವ ಕಡೆಗೆ ತಿರುಗಿಸಿ.

8. ಹೀಟ್‌ಸಿಂಕ್‌ನ ಹಳೆ ಪೇಸ್ಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪ್ರೊಸೆಸರ್ ಮಧ್ಯದಲ್ಲಿ ಹೊಳೆಯುವ ಭಾಗ ಪೂರ್ತಿ ಮುಚ್ಚುವಂತೆ ತೆಳ್ಳಗೆ ಹೊಸ ಪೇಸ್ಟ್ ಹಚ್ಚಿ. ಅಕ್ಕಿ ಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಹಾಕಿದ ಹಾಗೆ ಬೇಡ. ಸ್ಕ್ರೂಗಳನ್ನು ಕ್ರಮವಾಗಿ ಬಿಗಿ ಮಾಡಿ, ಫ್ಯಾನಿನ ವೈರ್ ಹಾಕಿ.

9. ಎಲ್ಲ ಮುಚ್ಚಿದ ಮೇಲೆ ಆನ್ ಮಾಡಿ ಮೊದಲು ಬಯಾಸ್‌ಗೆ ಹೋಗಿ, ಹೊಸ ಪ್ರೊಸೆಸರ್ ಹೆಸರು ಬಂದಿದೆಯಾ ನೋಡಿ. ಆಮೇಲೆ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಥರದ ತಂತ್ರಾಂಶದಿಂದ ಬಿಸಿ ಎಷ್ಟಿದೆ ಅಂತ ಅರ್ಧ ಗಂಟೆ ಗಮನಿಸಿ. ಕೆಲಸದ ಒತ್ತಡದಲ್ಲಿ 80–90 ಡಿಗ್ರಿ ಇದ್ದರೆ ನಡೆಯುತ್ತೆ. ನೂರರ ಹತ್ತಿರವೇ ನಿಂತಿದ್ದರೆ ಹೀಟ್‌ಸಿಂಕ್ ಸರಿ ಕೂತಿಲ್ಲ, ಇಲ್ಲವೇ ಆ ಪ್ರೊಸೆಸರ್ ನಿಮ್ಮ ಮೆಷಿನ್‌ಗೆ ಭಾರ ಆಯ್ತು.

ಆನ್ ಆಗಲಿಲ್ಲವಾ? ಗಾಬರಿ ಬೇಡ. ರ್‍ಯಾಮ್ ತೆಗೆದು ಮತ್ತೆ ಕೂರಿಸಿ ನೋಡಿ. ಆಗಲೂ ಆಗದಿದ್ದರೆ ಹಳೆ ಪ್ರೊಸೆಸರ್ ವಾಪಸ್ ಹಾಕಿ. ಅದರಲ್ಲಿ ಆನ್ ಆದರೆ ಬೋರ್ಡ್ ಚೆನ್ನಾಗಿದೆ, ಹೊಸದು ಹೊಂದಲಿಲ್ಲ ಅಂತ ಅರ್ಥ. ಹಾಗಾಗಿ ಹಳೆಯದನ್ನು ಎಲ್ಲ ಸರಿಹೋಗುವವರೆಗೆ ಯಾರಿಗೂ ಕೊಡಬೇಡಿ, ಎಸೆಯಬೇಡಿ.

ಅಂಗಡಿಗೆ ಕೊಡುವವರು ಕೇಳಬೇಕಾದ್ದು

- ನನ್ನ ಮಾಡೆಲ್‌ನಲ್ಲಿ ಸಾಕೆಟ್ ಇದೆಯಾ? ಕೈಪಿಡಿಯಲ್ಲಿ ತೋರಿಸಿ.
- ಯಾವ ನಂಬರ್‌ನ ಪ್ರೊಸೆಸರ್ ಹಾಕ್ತೀರಿ? ಬರೀ "ಐ7" ಅಂದರೆ ಸಾಲದು. 2011ರ ಐ7, 2018ರ ಐ7 ಒಂದೇ ಅಲ್ಲ.
- ಎಷ್ಟು ದಿನ ವಾರಂಟಿ?
- ಹಳೆ ಪ್ರೊಸೆಸರ್ ನನಗೇ ವಾಪಸ್ ಕೊಡ್ತೀರಾ?

ಕೊಡುವ ಮುಂಚೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಪ್ರೊಸೆಸರ್ ಹಾಕಿ ಬಯಾಸ್ ನೋಡೋಕೆ ಡಿಸ್ಕ್ ಬೇಕಾಗಲ್ಲ. ನಿಮ್ಮ ಬ್ಯಾಂಕ್ ಕಾಗದ, ಆಧಾರ್ ಪ್ರತಿ, ಮನೆಯವರ ಫೋಟೊ ಎಲ್ಲ ಅದರಲ್ಲೇ ಇರುತ್ತೆ.

ಹಾಗಾದರೆ ಕೊನೆಗೆ ಏನು ಮಾಡೋದು?

ನಮ್ಮ ಸಲಹೆ ಹೀಗಿದೆ. ಬರವಣಿಗೆ, ಇಂಟರ್ನೆಟ್, ಆನ್‌ಲೈನ್ ಕ್ಲಾಸ್‌ಗೆ ಮಾತ್ರ ಲ್ಯಾಪ್‌ಟಾಪ್ ಬೇಕಾದರೆ ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್, ಒಂದು ಕ್ಲೀನಿಂಗ್. ಅಲ್ಲಿಗೆ ನಿಲ್ಲಿಸಿ. ಇದೆಲ್ಲ ಈಗಾಗಲೇ ಮಾಡಿಸಿದ್ದೀರಿ, ಸಾಕೆಟ್ ಇದೆ, ನಾಲ್ಕು ಕೋರ್‌ನ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕಿದೆ, ಲಿನಕ್ಸ್ ಬಳಸೋಕೆ ತಯಾರಿದ್ದೀರಿ ಅಂದರೆ ಧೈರ್ಯವಾಗಿ ಬದಲಾಯಿಸಿ. ಇನ್ನೂ ಎರಡು ಮೂರು ವರ್ಷ ಓಡುತ್ತೆ.

ಆದರೆ ಮಗಳು ಮೂರು ವರ್ಷ ಬಿಸಿಎ ಓದಬೇಕು, ವಿಂಡೋಸ್ 11 ಬೇಕೇಬೇಕು ಅಂದರೆ ಹಳೇ ಮೆಷಿನ್‌ಗೆ ಪ್ರೊಸೆಸರ್ ಹುಡುಕಬೇಡಿ. ಆ ದುಡ್ಡನ್ನು 8ನೇ ಜನರೇಷನ್‌ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕಡೆಗೆ ಕೂಡಿಸಿ. 2018ರ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಈ ಸಾಲಿನವು. ಅವುಗಳಲ್ಲಿ ಸಾಮಾನ್ಯವಾಗಿ ಸಿಗುವ ಐ5-8250ಯು ಪ್ರೊಸೆಸರ್‌ಗೆ ನಾಲ್ಕು ಕೋರ್ ಇದೆ, ಎಳೆಯೋದು ಬರೀ 15 ವಾಟ್. ಹಳೆ ಲ್ಯಾಪ್‌ಟಾಪ್‌ಗೆ 35 ವಾಟ್‌ನಲ್ಲಿ ನಾಲ್ಕು ಕೋರ್ ತುರುಕೋ ಕಷ್ಟ ಇಲ್ಲಿಲ್ಲ. ಕೊಳ್ಳುವಾಗ ನಂಬರ್ ಸರಿಯಾಗಿ ಓದಿ, ಯಾಕಂದ್ರೆ ಅದೇ ಮಾಡೆಲ್‌ನಲ್ಲಿ 7ನೇ ಜನರೇಷನ್‌ನದ್ದೂ ಇರಬಹುದು. ಕೊನೆಯ ಅಕ್ಷರಕ್ಕೂ ಮುಂಚಿನ ನಾಲ್ಕು ಅಂಕಿ 8ರಿಂದ ಶುರುವಾಗಬೇಕು.

ಹಳೇ ಲ್ಯಾಪ್‌ಟಾಪನ್ನೂ ಗುಜರಿಗೆ ಹಾಕೋ ಅವಸರ ಬೇಡ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಹಾಕಿದರೆ ಮನೆಯ ಚಿಕ್ಕ ಮಕ್ಕಳ ಕಲಿಕೆಗೆ, ಅಂಗಡಿ ಬಿಲ್ಲಿಂಗ್‌ಗೆ ಧಾರಾಳ. ಪೂರ್ತಿ ಕೆಟ್ಟ ಮೇಲೆ ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನು ಮಾಡೋದು ಅಂತ ಯೋಚಿಸುತ್ತಿರುವ ಪರಿಚಿತರಿದ್ದರೆ ಅವರಿಗೂ ಈ ಮಾಹಿತಿ ಕಳಿಸಿ. ಅಂಗಡಿಗೆ ಹೋಗೋ ಮುಂಚೆ ಟಾಸ್ಕ್ ಮ್ಯಾನೇಜರ್ ಒಂದು ಸಲ ತೆರೆದು ನೋಡಲಿ.